ಎಳೆಯುವವನಿಗಷ್ಟೇ ಬ್ರೇಕ್ ಸಾಕೆ?

ಹುಣಸೆಯ ಸುಗ್ಗಿಯಲ್ಲಿ ಮಧುಗಿರಿಯಿಂದ ಮಿಡಿಗೇಶಿಯ ಮೇಲೆ ಪಾವಗಡಕ್ಕೆ ಹೋಗುವ ರಸ್ತೆಯ ಬದಿ ಸ್ವಲ್ಪ ಹೊತ್ತು ನಿಂತು ನೋಡಿ. ಮೂಟೆ, ಇಟ್ಟಿಗೆ, ಮೇವು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಇಳಿಜಾರಿನಲ್ಲಿ ಚಾಲಕ ಬ್ರೇಕ್ ತುಳಿದೊಡನೆ ಕೊಕ್ಕೆಯ ಬಳಿ 'ಧಡ್' ಎಂಬ ಸದ್ದು ಕೇಳಿಸುತ್ತದೆ. ಅದು ಹಿಂದಿನ ಟ್ರೇಲರ್ ಮುಂದಿನ ಟ್ರ್ಯಾಕ್ಟರನ್ನು ತಳ್ಳುವ ಸದ್ದು. ಅದುವರೆಗೆ ಎಳೆಸಿಕೊಳ್ಳುತ್ತಿದ್ದದ್ದು ಈಗ ತಾನೇ ತಳ್ಳತೊಡಗಿದೆ.

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಇದು ಹೊಸದಲ್ಲ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆದರೆ, ಇಳಿಜಾರಿನಲ್ಲಿ ಗಾಡಿಯೇ ಎತ್ತಿನ ಮೇಲೆ ಬರುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಪ್ರೌಢಶಾಲೆಗಳಲ್ಲಿ ಕಲಿಸುವ ಚಲನಶಕ್ತಿಯ ಸೂತ್ರವನ್ನು ಈ ರಸ್ತೆಗೆ ಅನ್ವಯಿಸಿ ನೋಡೋಣ. ಟ್ರ್ಯಾಕ್ಟರಿನ ತೂಕ 2,000 ಕಿಲೋಗ್ರಾಂ, ಹೇರು ತುಂಬಿದ ಟ್ರೇಲರಿನದು 5,000 ಕಿಲೋಗ್ರಾಂ ಎಂದುಕೊಳ್ಳಿ. ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಟ್ರ್ಯಾಕ್ಟರಿನ ಚಲನಶಕ್ತಿ 1 ಲಕ್ಷ ಜೂಲ್, ಟ್ರೇಲರಿನದು 2.5 ಲಕ್ಷ ಜೂಲ್. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಈ 3.5 ಲಕ್ಷ ಜೂಲನ್ನೂ ಟ್ರ್ಯಾಕ್ಟರಿನ ಬ್ರೇಕೇ ಅರಗಿಸಬೇಕು. ಒಂಟಿ ಟ್ರ್ಯಾಕ್ಟರ್ 10 ಮೀಟರಿನಲ್ಲಿ ನಿಲ್ಲುವುದಾದರೆ, ಅದೇ ಬ್ರೇಕ್ ಬಲದಲ್ಲಿ ಇಡೀ ಜೋಡಿ ನಿಲ್ಲಲು 35 ಮೀಟರ್ ಬೇಕು. ಶಾಲೆ ಬಿಟ್ಟು ರಸ್ತೆ ದಾಟುವ ಮಗುವಿನ ಪಾಲಿಗೆ ಆ 25 ಮೀಟರಿನ ವ್ಯತ್ಯಾಸವೇ ಎಲ್ಲವೂ.

ಹಾಗಾದರೆ ಟ್ರೇಲರಿಗೂ ಬ್ರೇಕ್ ಹಾಕಬೇಕು. ಆದರೆ ಮುಂದೆ ಕುಳಿತ ಚಾಲಕ ಹಿಂದಿನ ಚಕ್ರವನ್ನು ಹಿಡಿಯುವುದು ಹೇಗೆ? ಒಂದು ಉತ್ತರ ವಿದ್ಯುತ್ಕಾಂತ. ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲುಗಿಸುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡರು. ಅದೇ ತತ್ತ್ವವನ್ನು ಬಳಸಿ ಅಮೆರಿಕದ ವಾರ್ನರ್ ಎಂಬುವರು 1920ರ ದಶಕದಲ್ಲಿ ಟ್ರೇಲರಿಗೆ ವಿದ್ಯುತ್ ಬ್ರೇಕ್ ರೂಪಿಸಿದರು. ಚಕ್ರದೊಡನೆ ತಿರುಗುವ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ವಿದ್ಯುತ್ ಹರಿದಾಗ ಅದು ಡ್ರಮ್ಮಿಗೆ ಅಂಟಿಕೊಂಡು, ಡ್ರಮ್ ತಿರುಗಿದತ್ತ ಎಳೆಯಲ್ಪಟ್ಟು, ಒಂದು ಸನ್ನೆಯನ್ನು ತಿರುಗಿಸುತ್ತದೆ. ಸನ್ನೆಯು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಒಂದು ಬ್ರೇಕಿಗೆ ಬೇಕಾಗುವುದು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಮಾತ್ರ. ನಿಲ್ಲಿಸುವ ಹೆಚ್ಚಿನ ಬಲ ತಿರುಗುವ ಚಕ್ರದಿಂದಲೇ ಬರುತ್ತದೆ.

ಎಷ್ಟು ವಿದ್ಯುತ್ ಹರಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಕಡಿಮೆಯಾದರೆ ಟ್ರೇಲರ್ ತಳ್ಳುತ್ತದೆ, ಹೆಚ್ಚಾದರೆ ಅದರ ಚಕ್ರ ಕಚ್ಚಿಕೊಂಡು ಜಾರುತ್ತದೆ. ಇದನ್ನು ನಿರ್ಧರಿಸುವುದು ಚಾಲಕನ ಬಳಿ ಜೋಡಿಸುವ ಬ್ರೇಕ್ ನಿಯಂತ್ರಕ. ಬಸ್ಸಿನ ಗಾಜಿನ ಮುಂದೆ ತೂಗುವ ಹೂವಿನ ಹಾರ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುವುದನ್ನು ಮಕ್ಕಳು ನೋಡಿರುತ್ತಾರೆ. ಹೆಚ್ಚು ವಾಲಿದಷ್ಟೂ ಬ್ರೇಕ್ ಜೋರು. ನಿಯಂತ್ರಕದೊಳಗಿನ ಸಂವೇದಕವೂ ಹೀಗೆಯೇ ವೇಗ ತಗ್ಗುವುದನ್ನು ಅಳೆದು, ಅದಕ್ಕೆ ತಕ್ಕಷ್ಟು ವಿದ್ಯುತ್ತನ್ನು ಹಿಂದಕ್ಕೆ ಕಳಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿ: ಫ್ಯೂಸ್ ಮೂಲಕ ಬ್ಯಾಟರಿಗೆ ಒಂದು, ಅರ್ಥಿಂಗಿಗೆ ಒಂದು, ಬ್ರೇಕ್ ದೀಪದ ಸ್ವಿಚ್ಚಿಗೆ ಒಂದು, ಟ್ರೇಲರಿಗೆ ಒಂದು. ಕೊಕ್ಕೆ ಕಳಚಿದರೆ ಟ್ರೇಲರಿನಲ್ಲಿರುವ ಚಿಕ್ಕ ಬ್ಯಾಟರಿ ತಾನಾಗಿ ಬ್ರೇಕ್ ಹಿಡಿಯುವಂತೆಯೂ ಮಾಡಬಹುದು.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಾರಿನ ಹಿಂದೆ ದೋಣಿಯನ್ನೋ ಮನೆಯಂಥ ಕ್ಯಾರವಾನನ್ನೋ ಕಟ್ಟಿ ಎಳೆಯುವುದು ವಾಡಿಕೆ. ಎಳೆಯುವ ಕಾರು ಪ್ಲಗ್-ಇನ್ ಹೈಬ್ರಿಡ್ ಆದರೆ ಹೊಸ ತೊಡಕು ಬರುತ್ತದೆ. ಇದು ಪೆಟ್ರೋಲ್ ಎಂಜಿನ್ನಿನ ಜೊತೆಗೆ, ಮನೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ದೊಡ್ಡ ಬ್ಯಾಟರಿಯೂ ಇರುವ ಕಾರು. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರು ಜನರೇಟರಾಗಿ ಬದಲಾಗಿ ಚಲನಶಕ್ತಿಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ, ಕಾರು ನಿಧಾನವಾಗುತ್ತದೆ. ಆದರೆ ಪೆಡಲ್ ತುಳಿಯದಿದ್ದುದರಿಂದ ಕೆಲವು ಸಲ ಬ್ರೇಕ್ ದೀಪ ಹೊತ್ತುವುದಿಲ್ಲ. ದೀಪದ ಸೂಚನೆಯನ್ನೇ ಕಾಯುವ ನಿಯಂತ್ರಕ ಸುಮ್ಮನಿರುತ್ತದೆ, ಟ್ರೇಲರ್ ಮತ್ತೆ ತಳ್ಳುತ್ತದೆ. ಹೀಗಾಗಿ ಆ ಕಾರು ಯಾವಾಗ ದೀಪ ಹೊತ್ತಿಸುತ್ತದೆ ಎಂದು ತಿಳಿದೇ ನಿಯಂತ್ರಕವನ್ನು ಜೋಡಿಸಬೇಕು. ವಿದ್ಯುತ್ತನ್ನು 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದಲೇ ಪಡೆಯಬೇಕು. ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಅವು ಪ್ರಾಣಕ್ಕೇ ಅಪಾಯ. ಟ್ರೇಲರ್ ಎಳೆಯಬಹುದೆಂದು ತಯಾರಕರು ಹೇಳದ ಕಾರಿಗೆ ಇದನ್ನು ಜೋಡಿಸಲೇಬಾರದು.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2019ರ ಹೊತ್ತಿಗೆ 2,050 ಮೆಗಾವಾಟಿನ ಸೌರ ಪಾರ್ಕ್ ಪೂರ್ಣಗೊಂಡಿತು. ಬಿಸಿಲು ವಿದ್ಯುತ್ತಾಗುವ ಈ ನೆಲದಲ್ಲಿ ವಿದ್ಯುತ್ತು ಬ್ರೇಕಾಗುವುದು ಮಕ್ಕಳಿಗೆ ಬೆರಗಾಗಬೇಕಿಲ್ಲ. ಕಬ್ಬಿಣದ ಮೊಳೆಗೆ ಎನಾಮಲ್ ಲೇಪಿತ ತಾಮ್ರದ ತಂತಿ ಸುತ್ತಿ, ತುದಿಗಳ ಲೇಪ ಕೆರೆದು, ಒಂದು ಟಾರ್ಚ್ ಸೆಲ್ಲಿಗೆ ಕ್ಷಣಕಾಲ ತಾಗಿಸಿ ಗುಂಡುಪಿನ್ನುಗಳನ್ನು ಎತ್ತಲಿ. ಎರಡು ಸೆಲ್ ಜೋಡಿಸಿದರೆ ಹೆಚ್ಚು ಪಿನ್ನು ಬರುತ್ತವೆ. ನಿಯಂತ್ರಕ ಮಾಡುವ ಕೆಲಸವೂ ಇಷ್ಟೇ. ತಂತಿ ಬೇಗ ಬಿಸಿಯಾಗುವುದರಿಂದ ಹೆಚ್ಚು ಹೊತ್ತು ಹಿಡಿಯುವುದು ಬೇಡ. ಮನೆಯ ಪ್ಲಗ್ಗಿಗೆ ಮಾತ್ರ ಎಂದೂ ತಾಗಿಸಬಾರದು.

ನಮ್ಮ ಕಡೆಯ ಎಷ್ಟೋ ಟ್ರೇಲರುಗಳಿಗೆ ಇನ್ನೂ ಯಾವ ಬಗೆಯ ಬ್ರೇಕೂ ಇಲ್ಲ. ಅವಕ್ಕೆ ಬ್ರೇಕ್ ಬರುವವರೆಗೆ ಹಿರಿಯರು ಮಾಡಬಹುದಾದದ್ದು ಇದೆ. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಸೇರಿಸಿರಬೇಕು. ಇಲ್ಲದಿದ್ದರೆ ಒಂದೇ ಬದಿ ಹಿಡಿದು ಗಾಡಿ ತಿರುಗಿಬೀಳುತ್ತದೆ. ಇಳಿಜಾರು ಸಿಗುವ ಮೊದಲೇ ಗೇರ್ ಇಳಿಸಬೇಕು. ಜಾತ್ರೆಗೆ ಹೊರಟಾಗ ಮಕ್ಕಳನ್ನು ಹೇರಿನ ಮೇಲಾಗಲಿ, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕಬ್ಬಿಣದ ಮೂಕಿಯ ಮೇಲಾಗಲಿ ಕೂರಿಸಬಾರದು. 'ಧಡ್' ಎಂಬ ಆ ಸದ್ದು ಏಳುವುದು ಅಲ್ಲಿಯೇ.