ಶರಾವತಿಯ ಹಿನ್ನೀರಿನ ಜನ

ಎಲ್ಲ ದಿಕ್ಕುಗಳಲ್ಲಿಯೂ ನೀರಿನಿಂದ ಸುತ್ತುವರಿದ ಭೂಭಾಗವನ್ನು ದ್ವೀಪವೆನ್ನುವರೆಂದು ವಿದ್ಯಾರ್ಥಿಗಳು ಬಲ್ಲರು. ಸಾಗರ ತಾಲ್ಲೂಕಿನ ಕರೂರು ಮತ್ತು ಬಾರಂಗಿ ಹೋಬಳಿಗಳು ಈ ಲಕ್ಷಣಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ; ಪಶ್ಚಿಮದ ಘಟ್ಟದ ಕಾಡು ಅವುಗಳನ್ನು ನೆಲದೊಡನೆ ಕೂಡಿಸಿಯೇ ಇದೆ. ಆದರೂ ತುಮರಿಯ ಸುತ್ತಣ ಹಳ್ಳಿಗರು ಅರ್ಧ ಶತಮಾನಕ್ಕೂ ಮಿಗಿಲಾಗಿ ದ್ವೀಪವಾಸಿಗಳೆನಿಸಿಕೊಂಡು ಬದುಕಿದರು. ಈ ದ್ವೀಪವನ್ನು ನಿರ್ಮಿಸಿದುದು ಪ್ರಕೃತಿಯಲ್ಲ, ಒಂದು ಅಣೆಕಟ್ಟು.

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ಸೀಮೆಗಳಲ್ಲಿ ಹರಿದು, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಈ ಕಣಿವೆಯ ಮೆಣಸು ಘಟ್ಟವಿಳಿದು ಕಡಲತೀರದ ಬಂದರುಗಳಿಗೆ ಹೋಗುತ್ತಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ಇದು ಕೆಳದಿಯ ಅರಸರ ನಾಡು. ಬತ್ತ ಬೆಳೆಯುವ ದೀವರು, ಅಡಿಕೆ ತೋಟಗಳ ಹವ್ಯಕರು, ಕಾಡನ್ನೇ ಮನೆಯಾಗಿಸಿಕೊಂಡಿದ್ದು ತೋಟಗಳಲ್ಲಿ ದುಡಿಯುತ್ತಿದ್ದ ಹಸಲರು ಈ ಸೀಮೆಯ ಹಳೆಯ ನಿವಾಸಿಗಳು. ಹಸಲರು ಇಂದು ಪರಿಶಿಷ್ಟ ಬುಡಕಟ್ಟುಗಳ ಪಟ್ಟಿಗೆ ಸೇರಿದವರು.

ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಸೊರಗುವ ಹೊಳೆಯಿಂದ ವರ್ಷವಿಡೀ ವಿದ್ಯುತ್ತನ್ನು ಪಡೆಯಬೇಕಾದರೆ ನೀರನ್ನು ಕೂಡಿಡುವುದು ಅನಿವಾರ್ಯ. ಇದಕ್ಕಾಗಿ ಮೊದಲು ಹಿರೇಭಾಸ್ಕರದಲ್ಲಿಯೂ, ಅದು ಸಾಲದೆಂದು 1964ರಲ್ಲಿ ಲಿಂಗನಮಕ್ಕಿಯಲ್ಲಿಯೂ ಅಣೆಕಟ್ಟುಗಳು ಎದ್ದವು. ಎರಡನೆಯದು ಮೊದಲನೆಯದನ್ನೇ ನುಂಗಿತು! ನೀರು ಬಹಳವಾಗಿ ಇಳಿದ ಬೇಸಗೆಗಳಲ್ಲಿ ಹಿರೇಭಾಸ್ಕರದ ಗೋಡೆಯೂ ಅದರ ಸೈಫನುಗಳೂ ಇಂದಿಗೂ ತಲೆಯೆತ್ತುವುದುಂಟು.

ಲಿಂಗನಮಕ್ಕಿಯ ಕಟ್ಟೆಯ ಎತ್ತರ ಸುಮಾರು 61 ಮೀಟರು ಮಾತ್ರ. ಆದರೆ ಅದು ಆವರಿಸಿದ ನೆಲ ಸುಮಾರು 300 ಚದರ ಕಿಲೋಮೀಟರು. ಇದು ಹೇಗೆ ಸಾಧ್ಯ? ಜೋಗದ ಮೇಲಣ ಪ್ರದೇಶ ಕಡಿದಾದ ಕಮರಿಯಲ್ಲ. ತಗ್ಗು ಗುಡ್ಡಗಳ ನಡುವೆ ಹರಡಿದ ಅಗಲವಾದ ಬೋಗುಣಿ. ಇಂಥಲ್ಲಿ ನೀರಿನ ಮಟ್ಟ ಕೊಂಚ ಏರಿದರೂ ಅದು ಪ್ರತಿಯೊಂದು ಉಪನದಿಯ ಕಣಿವೆಯಲ್ಲಿ ಬೆರಳುಗಳಂತೆ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಆ ಬೆರಳುಗಳ ನಡುವೆ ಸಿಕ್ಕಿದ ದಿಬ್ಬಗಳೇ ಹಿನ್ನೀರಿನ ಹಳ್ಳಿಗಳು. ಇನ್ನೊಂದು ಮಾತು: ಮಲೆನಾಡಿನಲ್ಲಿ ಗದ್ದೆಯೂ ತೋಟವೂ ಇರುವುದು ಕಣಿವೆಯ ತಳದಲ್ಲಿ, ತೇವ ನಿಲ್ಲುವ ಮೆಕ್ಕಲು ಮಣ್ಣಿನಲ್ಲಿ. ಆದುದರಿಂದ ನೀರು ಮೊದಲು ಮುಳುಗಿಸಿದುದು ಅತ್ಯುತ್ತಮ ಭೂಮಿಯನ್ನು; ಉಳಿದುದು ಜಂಬಿಟ್ಟಿಗೆಯ ಗಟ್ಟಿ ನೆಲ.

ಮುಳುಗಿದ ಕಾಲವೂ ವಿಚಾರಾರ್ಹವಾದುದು. ಗೇಣಿಯ ಬತ್ತವನ್ನಳೆಯುವ ಕೊಳಗದ ಗಾತ್ರದ ವಿವಾದದಿಂದ ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದಿತ್ತು. ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದ ತಿದ್ದುಪಡಿಯಾದರೋ ಬಂದುದು 1974ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ನೀರು ನಿಂತಿತು. ಪರಿಹಾರವು ಭೂದಾಖಲೆಯ ಹೆಸರನ್ನು ಹುಡುಕಿಕೊಂಡು ಹೋಗುವುದಷ್ಟೆ. ಉತ್ತವನ ಹೆಸರು ಅದರಲ್ಲಿ ಎಷ್ಟೋ ವೇಳೆ ಇರಲಿಲ್ಲ. ಊರು ಬಿಟ್ಟ ಅನೇಕರಿಗೆ ಜಿಲ್ಲೆಯ ಬೇರೆಡೆಗಳಲ್ಲಿ ಕಾಡು ಕಡಿದು ನೆಲ ಕೊಟ್ಟರು. ಆದರೆ ಆ ನೆಲ ದಫ್ತರದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅನಂತರ ಅದನ್ನು ಬಿಡಿಸಲು ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕಾಯಿತು. ಹಕ್ಕುಪತ್ರದ ತೊಡಕು ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದುದು ಹೀಗೆ. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜರು ಈ ಮುಳುಗಡೆಯ ಬಾಳನ್ನೇ ಕಾದಂಬರಿಗಳ ವಸ್ತುವಾಗಿಸಿಕೊಂಡರು.

ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟು. ಅದರ ಬೆಳಕು ದೂರದ ನಗರಗಳನ್ನು ಮುಟ್ಟಿದ ಎಷ್ಟೋ ವರ್ಷಗಳ ಮೇಲೆ ಹಿನ್ನೀರಿನ ಹಲವು ಹಳ್ಳಿಗಳಿಗೆ ತಂತಿ ಬಂದಿತು. ಉಳಿದವರಿಗೆ ಪೇಟೆಯ ದಾರಿಯೆಂದರೆ ಲಾಂಚೇ ಆಗಿತ್ತು. ರಾತ್ರಿ ಅದು ನಿಂತ ಬಳಿಕ ರೋಗಿಯನ್ನು ಕಾಡಿನ ಬಳಸುದಾರಿಯಲ್ಲಿ ಒಯ್ಯಬೇಕಿತ್ತು, ಇಲ್ಲವೇ ಬೆಳಗಾಗುವವರೆಗೆ ಕಾಯಬೇಕಿತ್ತು. ಬೇಸಗೆಯಲ್ಲಿ ನೀರಿಳಿದರೆ ಲಾಂಚಿಗೂ ತಡೆಯಾಗುತ್ತಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆದುದು 2025ರ ಜುಲೈ 14ರಂದು, ಅಣೆಕಟ್ಟು ಮುಗಿದ 61 ವರ್ಷಗಳ ಮೇಲೆ.