ಪದದ ಚರಿತ್ರೆ, ವಿಚಾರದ ಚರಿತ್ರೆ: 1944ರ ಒಂದು ವಾಗ್ವಾದ

ವಿಚಾರಗಳ ಇತಿಹಾಸವನ್ನು ಬರೆಯಹೊರಟವರು ಕಾಲದಿಂದ ಕಾಲಕ್ಕೆ ಬೆನ್ನುಹತ್ತಬೇಕಾದದ್ದು ಪದವನ್ನೋ, ಪದದ ಹಿಂದಿನ ಪರಿಕಲ್ಪನೆಯನ್ನೋ? 1940ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಜರ್ನಲ್ ಆಫ್ ದಿ ಹಿಸ್ಟರಿ ಆಫ್ ಐಡಿಯಾಸ್’ ಎಂಬ ತ್ರೈಮಾಸಿಕದಲ್ಲಿ 1944ರಲ್ಲಿ ನಡೆದ ವಾಗ್ವಾದವು ಈ ಪ್ರಶ್ನೆಯನ್ನು ಭಾಷಾಶಾಸ್ತ್ರದ ಅಂಗಳಕ್ಕೇ ತಂದಿತು.

ಪತ್ರಿಕೆಯ ಸ್ಥಾಪಕರಲ್ಲಿ ಮುಖ್ಯನಾದ ಆರ್ಥರ್ ಲವ್‌ಜಾಯ್ ತತ್ತ್ವಶಾಸ್ತ್ರಜ್ಞ. ದರ್ಶನಗಳೆಲ್ಲ ಸಂಯುಕ್ತ ವಸ್ತುಗಳು, ರಸಾಯನಶಾಸ್ತ್ರದಲ್ಲಿ ಮಾಡುವಂತೆ ಅವುಗಳನ್ನು ಒಡೆದು ‘ಘಟಕ ವಿಚಾರ’ಗಳನ್ನು ಬೇರ್ಪಡಿಸಬೇಕು ಎಂಬುದು 1936ರ ‘ದಿ ಗ್ರೇಟ್ ಚೈನ್ ಆಫ್ ಬೀಯಿಂಗ್’ ಗ್ರಂಥದಲ್ಲಿ ಆತನು ಮಂಡಿಸಿದ ವಿಧಾನ. ಪದದ ಮೇಲೆ ಆತನಿಗೆ ಭರವಸೆಯಿರಲಿಲ್ಲ. ‘ರೊಮ್ಯಾಂಟಿಕ್’ ಎಂಬ ಪದವು ಹಲವನ್ನು ಸೂಚಿಸಿ ಸೂಚಿಸಿ ಈಗ ಏನನ್ನೂ ಸೂಚಿಸದಂತಾಗಿದೆ ಎಂದು 1924ರಲ್ಲಿಯೇ ವಾದಿಸಿದ್ದನು. 1941ರಲ್ಲಿ ಇದೇ ಪತ್ರಿಕೆಯಲ್ಲಿ ಜರ್ಮನ್ ರೊಮ್ಯಾಂಟಿಕ್ ಚಿಂತನೆಯಿಂದ ಸಮಗ್ರತೆ, ನಿರಂತರ ತುಡಿತ, ಅನನ್ಯತೆ ಎಂಬ ಮೂರು ವಿಚಾರಗಳನ್ನು ಬೇರ್ಪಡಿಸಿ, ನಾತ್ಸಿವಾದಕ್ಕೆ ನೆಲ ಹದಗೊಳಿಸಿದ ಮನೋಧರ್ಮದಲ್ಲಿ ಇವುಗಳ ಪಾಲಿದೆ ಎಂದನು.

ಇದನ್ನು ವಿರೋಧಿಸಿದ ಲಿಯೋ ಸ್ಪಿಟ್ಸರ್ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದಿ, ರೊಮಾನ್ಸ್ ಭಾಷೆಗಳ ವಿದ್ವಾಂಸ. 1933ರಲ್ಲಿ ಕಲೋನ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡು, ಇಸ್ತಾಂಬುಲಿನ ಮೂಲಕ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವನ್ನು ಸೇರಿದವನು. ಹಿಟ್ಲರನ ಕಾರಣದಿಂದಲೇ ದೇಶಭ್ರಷ್ಟನಾದವನು ಜರ್ಮನ್ ರೊಮ್ಯಾಂಟಿಕರ ಪರವಾಗಿ ನಿಂತನೆಂಬುದನ್ನು ಗಮನಿಸಬೇಕು. ವಿಚಾರಕ್ಕೆ ಜೀವವಿರುವುದು ಒಂದು ಕಾಲದ ಭಾವಸಮಷ್ಟಿಯೊಳಗೆ. ಅದರಿಂದ ಕಿತ್ತು ತೆಗೆದ ಘಟಕವು ಬೇರೆ ಯುಗದಲ್ಲಿ ಅದೇ ವಿಚಾರವಾಗಿ ಉಳಿಯುವುದಿಲ್ಲ ಎಂಬುದು ಆತನ ಆಕ್ಷೇಪ. ಅದೇ ವರ್ಷ ಉತ್ತರ ಬರೆದ ಲವ್‌ಜಾಯ್ ವಿಶ್ಲೇಷಣೆಯನ್ನು ಬಿಟ್ಟುಕೊಡಲಿಲ್ಲ.

ಸ್ಪಿಟ್ಸರನ ಆಕ್ಷೇಪ ಬಲವಾದುದೇ. ಆದರೆ ಅದು ಆತನ ಸ್ವಂತ ಕೃಷಿಗೂ ತಗಲುತ್ತದೆ. ಜರ್ಮನಿನ ‘ಷ್ಟಿಮ್ಮುಂಗ್’ ಎಂಬ ಒಂದೇ ಪದ ವಾದ್ಯದ ಶ್ರುತಿಯನ್ನೂ ಮನಃಸ್ಥಿತಿಯನ್ನೂ ಹೇಳುತ್ತದೆ. (ಕನ್ನಡದ ‘ಶ್ರುತಿಗೂಡು’ ಇದರ ಅರ್ಧದಾರಿಯವರೆಗೆ ಬರುತ್ತದೆ, ಅಷ್ಟೆ.) ಈ ಪದದ ಹಿನ್ನೆಲೆಯನ್ನು ಹುಡುಕುತ್ತ ಸ್ಪಿಟ್ಸರ್ ಗ್ರೀಕರ ವಿಶ್ವಸಾಮರಸ್ಯದ ಕಲ್ಪನೆಯವರೆಗೆ ಹೋಗುತ್ತಾನೆ. ದಾರಿಯಲ್ಲಿ ಭಾಷೆಗಳೂ ಪದಗಳೂ ಬದಲಾಗುತ್ತವೆ. ಹಾಗಿದ್ದರೆ ಉದ್ದಕ್ಕೂ ಒಂದೇ ಆಗಿ ಉಳಿದುದು ಯಾವುದು? ಲವ್‌ಜಾಯ್ ಹೇಳಿದ ಘಟಕದಂಥದೊಂದನ್ನು ಒಪ್ಪದೆ ಆ ಶೋಧ ಮುಂದುವರಿಯಲಾರದು.

ಕನ್ನಡ ಸಂಶೋಧಕರಿಗೆ ಇದು ದೂರದ ಜಗಳವಲ್ಲ. ಜೈನರ ದ್ರವ್ಯವಿಚಾರದಲ್ಲಿ ‘ಧರ್ಮ’ವೆಂದರೆ ಚಲನೆಗೆ ಸಹಕಾರಿಯಾದ ದ್ರವ್ಯ, ಇಂದಿನ ಅರ್ಜಿಯ ನಮೂನೆಯಲ್ಲಿ ಮತ, ‘ಧರ್ಮಕ್ಕೆ ಕೊಟ್ಟರು’ ಎಂಬಲ್ಲಿ ಬೆಲೆಯಿಲ್ಲದೆ ಕೊಟ್ಟರೆಂಬ ಭಾವ, ಬೀದಿಯಲ್ಲಿ ‘ಧರ್ಮದೇಟು’. ಈ ಎಲ್ಲಕ್ಕೂ ಸಮಾನವಾದ ಒಂದು ಘಟಕವನ್ನು ಹುಡುಕುವುದು ವ್ಯರ್ಥ. ಆದರೂ ದಾನದಿಂದ ಬಿಟ್ಟಿಗೆ, ಬಿಟ್ಟಿಯಿಂದ ಲೆಕ್ಕವಿಲ್ಲದೆ ಬೀಳುವ ಏಟಿಗೆ ಅರ್ಥವು ಜಾರಿದೆಯೆಂದು ಊಹಿಸಬಹುದು. ಆ ಊಹೆ ನಿಲ್ಲುವುದು ಪ್ರತಿ ಜಾರುವಿಕೆಗೂ ಕಾಲನಿಷ್ಠ ಪ್ರಯೋಗವೊಂದನ್ನು ತೋರಿಸಿದಾಗ ಮಾತ್ರ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಅರ್ಥಗಳೊಡನೆ ಉದ್ಧರಿಸುವುದರಿಂದ ಹುಡುಕಾಟವನ್ನು ಅಲ್ಲಿಂದ ತೊಡಗಬಹುದು. ‘ಧರ್ಮದೇಟಿ’ನಂಥ ಆಡುಮಾತಿಗೆ ಹಳೆಯ ವೃತ್ತಪತ್ರಿಕೆಗಳನ್ನೂ ನಾಟಕಗಳನ್ನೂ ಜಾಲಾಡಬೇಕಾದೀತು.