ಚೆರಾವ್: ಮಿಜೋ ಜನರ ಬಿದಿರಿನ ಕುಣಿತ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮಿಜೋ ಜನರ ಬಿದಿರಿನ ಕುಣಿತವನ್ನು ಆಡಿ ತೋರಿಸಬೇಕೆಂದು ನಾವು ಕೆಲವರು ಹೊರಟೆವು. ಬಿದಿರು ಬಡಿಯುವ ಕೆಲಸ ನನ್ನ ಪಾಲಿಗೆ ಬಂದಿತು. ಕುಳಿತು ಬಡಿಯುವುದರಲ್ಲಿ ಏನು ಕಷ್ಟವೆಂದು ತಿಳಿದಿದ್ದ ನಾನು ಎರಡನೆಯ ದಿನವೇ ತಾಳ ತಪ್ಪಿ ಸಹಪಾಠಿಯೊಬ್ಬಳ ಕಣಕಾಲಿಗೆ ಪೆಟ್ಟು ಕೊಟ್ಟೆನು. ಆ ನಾಚಿಕೆಯಿಂದ ಪುಸ್ತಕಾಲಯವನ್ನು ಹೊಕ್ಕು ಓದಿದಾಗ ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಮಿಜೋರಂ ನಮ್ಮ ದೇಶದ ಈಶಾನ್ಯದ ಗುಡ್ಡಗಾಡು. 1987ರಲ್ಲಿ ಪೂರ್ಣ ರಾಜ್ಯವಾಯಿತು. ಅಲ್ಲಿ ಬಿದಿರು ಹೇರಳ. ಮನೆಯ ಗೋಡೆಗೂ ಬೆನ್ನ ಮೇಲಿನ ಬುಟ್ಟಿಗೂ ಬಿದಿರೇ ಆಧಾರ. ಅವರ ಹೆಸರಾಂತ ಕುಣಿತವಾದ ಚೆರಾವ್‌ಗೂ ಬಿದಿರೇ ಬೇಕು.

ಎರಡು ಉದ್ದನೆಯ ಬಿದಿರುಗಳನ್ನು ದೂರ ದೂರದಲ್ಲಿ ನೆಲಕ್ಕಿಟ್ಟು, ಅವುಗಳ ಮೇಲೆ ಅಡ್ಡಲಾಗಿ ಜೋಡಿ ಜೋಡಿ ಗಳುಗಳನ್ನು ಹಾಯಿಸುತ್ತಾರೆ. ಗಂಡಸರು ಎದುರುಬದುರಾಗಿ ಕುಳಿತು ಗಳುಗಳ ತುದಿ ಹಿಡಿದು, ಒಮ್ಮೆ ಅಗಲಿಸಿ, ಒಮ್ಮೆ ಕೂಡಿಸಿ ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಅಗಲಿದಾಗ ಹೆಂಗಸರು ನಡುವೆ ಕಾಲಿಡುತ್ತಾರೆ. ಕೂಡುವ ಮೊದಲೇ ತೆಗೆಯುತ್ತಾರೆ. ಕೆಲವು ಹೆಜ್ಜೆಗಳಲ್ಲಿ ಹಕ್ಕಿಗಳ ಚಲನೆಯನ್ನೂ, ಕೆಲವದರಲ್ಲಿ ಮರಗಳ ತೂಗಾಟವನ್ನೂ ಅನುಕರಿಸುತ್ತಾರೆ. ಮೈಮೇಲೆ 'ಪುವಾನ್‌ಚೆಯಿ' ಎಂಬ ಬಣ್ಣದ ನೇಯ್ಗೆಯ ಉಡುಗೆ. ತಲೆಯ ಮೇಲೆ 'ವಾಕಿರಿಯಾ' ಎಂಬ ಕಿರೀಟ.

ಇಷ್ಟನ್ನು ನೋಡಿದವರು ಇದನ್ನು ಬರಿಯ ವಿನೋದವೆಂದೇ ತಿಳಿಯುವರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಹಿಂದಿನ ಕಾಲದಲ್ಲಿ ಹೆರಿಗೆಯಲ್ಲಿ ಮಡಿದ ತಾಯಿಗಾಗಿ ಈ ಕುಣಿತ ನಡೆಯುತ್ತಿತ್ತು. ಎಳೆಗೂಸನ್ನು ಬಿಟ್ಟು ಹೋದ ಆ ಜೀವಕ್ಕೆ ಸಮಾಧಾನ ಸಿಗಲಿ, ಸತ್ತವರ ಲೋಕಕ್ಕೆ ಅದರ ದಾರಿ ಸುಗಮವಾಗಲಿ ಎಂಬುದು ಅವರ ನಂಬಿಕೆ.

ಇದನ್ನು ಓದಿದಾಗ ನನಗೆ ನಮ್ಮ ಚಿಕ್ಕಮ್ಮನ ನೆನಪಾಯಿತು. ಚೊಚ್ಚಲ ಹೆರಿಗೆಯಲ್ಲಿ ಆಕೆ ತೀರಿಕೊಂಡಳು. ಅಶುಭವೆಂದು ಮನೆಯಲ್ಲಿ ಹಿರಿಯರು ಆಕೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ನಾವು ಅಂಜಿ ಮರೆತ ಸಾವನ್ನು ಆ ಗುಡ್ಡಗಾಡಿನ ಜನ ನಾಲ್ಕು ಜನರ ಮುಂದೆ ತಾಳ ಹಾಕಿ ಗೌರವಿಸಿದ್ದರಲ್ಲವೇ!

1894ರಲ್ಲಿ ಕ್ರೈಸ್ತ ಪಾದ್ರಿಗಳು ಅಲ್ಲಿ ನೆಲೆಸಿದ ಮೇಲೆ ಕಾಲಕ್ರಮದಲ್ಲಿ ಜನರ ಮತ ಬದಲಾಯಿತು. ಹಳೆಯ ವಿಧಿ ನಿಂತಿತು. ಆದರೆ ಕುಣಿತ ಉಳಿಯಿತು. ಇಂದು ಅದು ಮಾರ್ಚಿಯಲ್ಲಿ ಬರುವ 'ಚಪ್ಚಾರ್ ಕೂಟ್' ಎಂಬ ವಸಂತದ ಹಬ್ಬದ ಸಡಗರ. 2010ರ ಮಾರ್ಚಿ 12ರಂದು ಐಜಾಲ್ ನಗರದಲ್ಲಿ 10,736 ಮಂದಿ ಒಟ್ಟಿಗೆ ಚೆರಾವ್ ಆಡಿ ಗಿನ್ನೆಸ್ ದಾಖಲೆಗೆ ಸೇರಿದರು.

ದುಃಖದ ಕುಣಿತ ಹಬ್ಬದ ಕುಣಿತವಾದುದರಲ್ಲಿ ತಪ್ಪೇನೂ ಇಲ್ಲ. ಆದರೆ ಅನ್ಯರ ಕಲೆಯನ್ನು ರಂಗಕ್ಕೆ ತರುವ ನಾವು ಅದರ ಹಿಂದಿನ ಬಾಳನ್ನೂ ಅರಿಯಬೇಕು. ವಾರ್ಷಿಕೋತ್ಸವದ ದಿನ ನಾನು ಕಣ್ಣನ್ನು ಕುಣಿಯುವವರ ಪಾದದಿಂದ ಕದಲಿಸಲಿಲ್ಲ. ತಾಳ ತಪ್ಪಲಿಲ್ಲ. ಸಭಿಕರು ಚಪ್ಪಾಳೆ ತಟ್ಟಿದಾಗ ಚಿಕ್ಕಮ್ಮನ ಹೆಸರನ್ನು ಮನಸ್ಸಿನಲ್ಲಿಯೇ ಒಮ್ಮೆ ಹೇಳಿಕೊಂಡೆನು.